ಕೋವಿಗೆ ಸ್ಕೋಪ್: ಜೋಡಣೆ, ಗುರಿಕೂಡಿಕೆ ಮತ್ತು ಮರೆಯಬಾರದ ಎಚ್ಚರಿಕೆಗಳು

ಮಡಿಕೇರಿ: ಕೊಡಗಿನಲ್ಲಿ ಕೋವಿ ಎಂದರೆ ಕೇವಲ ಆಯುಧವಲ್ಲ. ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಂದು ಅದನ್ನು ಒರೆಸಿ, ನಳಿಕೆಗೆ ತೋಕ್ ಪೂ ಸಿಕ್ಕಿಸಿ, ದೀಪದ ಮುಂದೆ ಇಟ್ಟು ಪೂಜಿಸುವ ಪದ್ಧತಿ ತಲೆಮಾರುಗಳಿಂದ ನಡೆದುಬಂದಿದೆ. ಗಂಡು ಮಗು ಹುಟ್ಟಿದಾಗ ಒಂದು ಗುಂಡು, ಸಾವಿನ ಸುದ್ದಿ ತಿಳಿಸಲು ಎರಡು ಗುಂಡು ಹಾರಿಸುವ ವಾಡಿಕೆಯೂ ಹಳೆಯದು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಶಸ್ತ್ರಾಸ್ತ್ರ ಪರವಾನಗಿಯಿಂದ ದೊರೆತಿರುವ ವಿನಾಯಿತಿಯನ್ನು ಕೇಂದ್ರ ಗೃಹ ಸಚಿವಾಲಯವು 2019ರಲ್ಲಿ ಹತ್ತು ವರ್ಷಗಳ ಕಾಲ, ಅಂದರೆ 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿ ಸಲ್ಲಿಸಲಾಗಿದ್ದ ಅರ್ಜಿಯನ್ನು 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ತಳ್ಳಿಹಾಕಿತು.

ಹೀಗೆ ಕೋವಿಯ ಹಕ್ಕಿನ ಕುರಿತು ನಡೆದಷ್ಟು ಚರ್ಚೆ ಕೋವಿಯ ಬಳಕೆಯ ಕುರಿತು ನಡೆದಿಲ್ಲ. ಹಿರಿಯರು ಗುರಿ ಕಲಿತದ್ದು ನಳಿಕೆಯ ತುದಿಯ ಮೊಳೆ ಮತ್ತು ಹಿಂಬದಿಯ ಸೀಳಿನ ಮೂಲಕ. ಇಂದು ಏರ್ ರೈಫಲ್ ಕೊಳ್ಳುವ ಹುಡುಗನೂ ಅದರ ಜೊತೆಗೆ ಸ್ಕೋಪ್ ಕೇಳುತ್ತಾನೆ. ಆದರೆ ಪೆಟ್ಟಿಗೆಯೊಳಗಿನ ಇಂಗ್ಲಿಷ್ ಹಾಳೆಯನ್ನು ಓದಿ ಜೋಡಿಸುವವರು ವಿರಳ. ಬಿಗಿಯಾಗಿ ಕೂರದ ಸ್ಕೋಪ್‌ನಿಂದ ಗುರಿ ತಪ್ಪುವುದು ಸಣ್ಣ ತೊಂದರೆ. ತಪ್ಪಾಗಿ ಬಳಸಿದ ಸ್ಕೋಪ್‌ನಿಂದ ಹುಬ್ಬು ಒಡೆದುಕೊಂಡವರೂ, ಗುಂಡು ಎಲ್ಲಿಗೆ ಹೋಗುತ್ತದೆ ಎಂಬ ಅಂದಾಜನ್ನೇ ಕಳೆದುಕೊಂಡವರೂ ಇದ್ದಾರೆ.

ಸ್ಕೋಪ್ ಮಾಡುವುದೇನು, ಮಾಡದಿರುವುದೇನು

ಸ್ಕೋಪ್ ಎಂಬುದು ಕೋವಿಯ ಮೇಲೆ ಕೂರಿಸಿದ ಸಣ್ಣ ದೂರದರ್ಶಕ. ಅದರೊಳಗೆ ರೆಟಿಕಲ್ ಎಂಬ ಅಡ್ಡಗೆರೆ-ಉದ್ದಗೆರೆಗಳಿದ್ದು, ಅವು ಕೂಡುವ ಬಿಂದುವನ್ನು ಗುರಿಯ ಮೇಲಿಡಬೇಕು. ಕೊಳವೆಯ ಮೇಲೆ 3-9x40 ಎಂದು ಬರೆದಿದ್ದರೆ ವಸ್ತುವನ್ನು ಮೂರರಿಂದ ಒಂಬತ್ತು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಮಸೂರದ ವ್ಯಾಸ 40 ಮಿಲಿಮೀಟರ್ ಎಂದರ್ಥ. ಈ 40ನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬಂದು ತಲಪುವ ಬೆಳಕಿನ ಕಿರಣಪುಂಜದ ಅಗಲ ಸಿಗುತ್ತದೆ. ನಾಲ್ಕು ಪಟ್ಟಿನಲ್ಲಿ ಅದು 10 ಮಿ.ಮೀ., ಒಂಬತ್ತು ಪಟ್ಟಿನಲ್ಲಿ ಸುಮಾರು 4.4 ಮಿ.ಮೀ. ಮಬ್ಬು ಬೆಳಕಿನಲ್ಲಿ ಪಟ್ಟು ಹೆಚ್ಚಿಸಿದಷ್ಟೂ ಚಿತ್ರ ಕಪ್ಪಾಗುವುದಕ್ಕೆ ಕಾರಣ ಇದೇ.

ಪಟ್ಟು ಹೆಚ್ಚಾದಂತೆ ನೋಟದ ಅಗಲ ಕುಗ್ಗುತ್ತದೆ ಎಂಬುದು ಇದಕ್ಕಿಂತ ಮುಖ್ಯವಾದ ಸಂಗತಿ. ಸಾಮಾನ್ಯ 3-9x40 ಸ್ಕೋಪ್‌ನಲ್ಲಿ ನೂರು ಮೀಟರ್ ದೂರದಲ್ಲಿ ಮೂರು ಪಟ್ಟಿಗೆ ಸುಮಾರು ಹನ್ನೊಂದು ಮೀಟರ್ ಅಗಲ ಕಾಣಿಸಿದರೆ, ಒಂಬತ್ತು ಪಟ್ಟಿಗೆ ನಾಲ್ಕು ಮೀಟರ್ ಕಾಣಿಸಿದರೆ ಹೆಚ್ಚು. ಆ ನಾಲ್ಕು ಮೀಟರ್‌ನ ಆಚೆ ಕಾಫಿ ಗಿಡಗಳ ನಡುವೆ ಬಾಗಿ ಕೆಲಸ ಮಾಡುತ್ತಿರುವ ಹೆಂಗಸು ಸ್ಕೋಪ್‌ನ ಪಾಲಿಗೆ ಇಲ್ಲವೇ ಇಲ್ಲ. ಹಂದಿ ಎಂದು ಭಾವಿಸಿ ಮನುಷ್ಯನಿಗೆ ಗುಂಡು ಹೊಡೆದ ಪ್ರಕರಣಗಳು ಮಲೆನಾಡಿನ ಪೊಲೀಸ್ ಠಾಣೆಗಳಿಗೆ ಹೊಸತೇನಲ್ಲ. ಸ್ಕೋಪ್ ಇದ್ದರೆ ಅಂತಹ ಅನಾಹುತ ತಪ್ಪುತ್ತದೆ ಎಂಬ ನಂಬಿಕೆ ಅರ್ಧ ಸತ್ಯ ಮಾತ್ರ. ಎದುರಿಗಿರುವುದನ್ನು ಅದು ಚೆನ್ನಾಗಿ ತೋರಿಸುತ್ತದೆ, ಅಕ್ಕಪಕ್ಕವನ್ನು ಮರೆಮಾಡುತ್ತದೆ. ಆದ್ದರಿಂದಲೇ ಅನುಭವಿಗಳು ಎರಡೂ ಕಣ್ಣು ತೆರೆದು ನೋಡಲು, ಮೊದಲು ಕಡಿಮೆ ಪಟ್ಟಿನಲ್ಲಿಟ್ಟು ನಂತರ ಹೆಚ್ಚಿಸಲು ಹೇಳಿಕೊಡುತ್ತಾರೆ.

ಸ್ಕೋಪ್ ಇಲ್ಲದೆ ಪದಕ ಗೆಲ್ಲಲಾಗದು ಎಂಬ ತಪ್ಪು ಕಲ್ಪನೆಯೂ ಇದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ 10 ಮೀಟರ್ ಏರ್ ರೈಫಲ್‌ನಲ್ಲಿ ಚಿನ್ನ ಗೆದ್ದದ್ದೂ, 2024ರ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಪಡೆದದ್ದೂ ಸಣ್ಣ ರಂಧ್ರದ ಮೂಲಕ ನೋಡುವ ಗುರಿಸಾಧನದಿಂದಲೇ. ಒಲಿಂಪಿಕ್ಸ್‌ನ ಈ ರೈಫಲ್ ವಿಭಾಗಗಳಲ್ಲಿ ದೂರದರ್ಶಕಕ್ಕೆ ಅವಕಾಶವಿಲ್ಲ. ಮಕ್ಕಳನ್ನು ಸ್ಪರ್ಧೆಗೆ ಸಿದ್ಧಪಡಿಸುವ ಪೋಷಕರು ಸ್ಕೋಪ್‌ಗೆ ಹಣ ಸುರಿಯುವ ಮುನ್ನ ಇದನ್ನು ತಿಳಿದಿದ್ದರೆ ಒಳಿತು.

ಮೊದಲು ಖಾಲಿ ಮಾಡಿ, ನಂತರ ಸ್ಕ್ರೂ ಹಿಡಿಯಿರಿ

ಜೋಡಣೆಯ ಮೊದಲ ಹೆಜ್ಜೆ ಕೋವಿಯನ್ನು ಖಾಲಿ ಮಾಡುವುದು. ಇಲ್ಲಿ ಕ್ರಮವೇ ಪ್ರಾಣ. ಮೊದಲು ಮ್ಯಾಗಜೀನ್ ಕಳಚಬೇಕು, ಆನಂತರ ಬೋಲ್ಟ್ ಎಳೆದು ನಳಿಕೆಯೊಳಗಿನ ಕಾಡತೂಸನ್ನು ಹೊರತೆಗೆಯಬೇಕು. ಈ ಕ್ರಮ ತಿರುಗುಮುರುಗಾಗಿ, ಬೋಲ್ಟ್ ಎಳೆದು ಮುಚ್ಚಿ ಆಮೇಲೆ ಮ್ಯಾಗಜೀನ್ ತೆಗೆದರೆ, ಬೋಲ್ಟ್ ಮುಚ್ಚುವಾಗಲೇ ಮ್ಯಾಗಜೀನ್‌ನ ಮೇಲಿನ ಕಾಡತೂಸು ಒಳಸೇರಿ ಕೂತಿರುತ್ತದೆ. ಕೈಯಲ್ಲಿ ಮ್ಯಾಗಜೀನ್ ಇದೆ, ಆದ್ದರಿಂದ ಕೋವಿ ಖಾಲಿ ಎಂದು ಭಾವಿಸುವವನ ಕೈಯಲ್ಲಿ ತುಂಬಿದ ಕೋವಿ ಇರುತ್ತದೆ. ಕಣ್ಣಿನಿಂದ ನೋಡುವುದರ ಜೊತೆಗೆ ಬೆರಳಿಟ್ಟು ಮುಟ್ಟಿ ಖಚಿತಪಡಿಸಿಕೊಳ್ಳುವುದು ಉತ್ತಮ. ಸ್ಕೋಪ್ ಕೂರಿಸಿದ ಬಳಿಕವಂತೂ ಅದರ ಕೊಳವೆ ಅಡ್ಡಬಂದು ಒಳಗಿನದು ನೇರ ಕಾಣಿಸದು. ಜೋಡಣೆ ನಡೆಯುವ ಕೋಣೆಯಲ್ಲಿ ಕಾಡತೂಸು ಇರಲೇಬಾರದು.

ಎಲ್ಲ ಕೋವಿಗೂ ಸ್ಕೋಪ್ ಕೂರುವುದಿಲ್ಲ. ಬಹುತೇಕ ಏರ್ ರೈಫಲ್ ಮತ್ತು .22 ರೈಫಲ್‌ಗಳ ಬೆನ್ನಿನ ಮೇಲೆ ಸುಮಾರು 11 ಮಿ.ಮೀ. ಅಗಲದ ಎರಡು ಸಮಾನಾಂತರ ಗಾಡಿಗಳನ್ನು ಕೊರೆದಿರುತ್ತಾರೆ. ದೊಡ್ಡ ರೈಫಲ್‌ಗಳಲ್ಲಿ ವೀವರ್ ಅಥವಾ ಪಿಕಾಟಿನಿ ಎಂಬ ಹಲ್ಲುಹಲ್ಲಿನ ಪಟ್ಟಿ ಇರುತ್ತದೆ. ಈ ಎರಡೂ ಒಂದೇ ರೀತಿ ಕಂಡರೂ ವೀವರ್‌ನ ಸೀಳು ಕಿರಿದು, ಪಿಕಾಟಿನಿಯದು ಅಗಲ. ಪಿಕಾಟಿನಿಗೆಂದು ಮಾಡಿದ ಬಳೆ ವೀವರ್ ಪಟ್ಟಿಯಲ್ಲಿ ಸರಿಯಾಗಿ ಇಳಿಯದು. ಸ್ಕೋಪ್‌ನ ಕೊಳವೆ ಒಂದು ಇಂಚಿನದೋ 30 ಮಿ.ಮೀ.ನದೋ ಎಂದು ನೋಡಿ ಅದೇ ಅಳತೆಯ ಬಳೆ ತರಬೇಕು. ಅಳತೆ ಹೊಂದದಿದ್ದಾಗ ನಡುವೆ ಕಾಗದ, ಸೈಕಲ್ ಟ್ಯೂಬಿನ ತುಂಡು ತುರುಕುವ ನಮ್ಮವರ ಚಾತುರ್ಯ ಇಲ್ಲಿ ಕೆಲಸಕ್ಕೆ ಬಾರದು.

ಲೀ-ಎನ್‌ಫೀಲ್ಡ್ ಮಾದರಿಯನ್ನು ಆಧರಿಸಿದ, ಇಂಡಿಯನ್ ಆರ್ಡ್‌ನನ್ಸ್ ಫ್ಯಾಕ್ಟರಿಯ .315 ರೈಫಲ್ ಹಲವು ಮನೆಗಳಲ್ಲಿದೆ. ಇಂತಹ ಹಳೆಯ ರೈಫಲ್‌ಗಳಿಗೆ ಸ್ಕೋಪ್ ಬೇಕೆಂದರೆ ಲೋಹ ಕೊರೆದು ಮರೆ ಹಾಕಬೇಕಾಗಬಹುದು. ಊರಿನ ಲೇತ್ ಅಂಗಡಿಯಲ್ಲಿ ಮಾಡಿಸುವ ಕೆಲಸ ಇದಲ್ಲ. ಗುಂಡಿನ ಒತ್ತಡವನ್ನು ತಡೆಯುವ ಭಾಗದಲ್ಲಿ ತೂತು ಒಂದಿಷ್ಟು ಆಳವಾದರೂ ಕೋವಿಯೇ ಅಪಾಯಕಾರಿಯಾಗುತ್ತದೆ. ಜೊತೆಗೆ ಬಂದೂಕಿನ ದುರಸ್ತಿ, ಮಾರ್ಪಾಡುಗಳನ್ನು ಪರವಾನಗಿ ಇಲ್ಲದವರು ಮಾಡುವುದನ್ನು 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ನಿರ್ಬಂಧಿಸುತ್ತದೆ. ಕೋವಿ ಹೊಂದಲು ಇರುವ ವಿನಾಯಿತಿ ಕೋವಿ ಕೊರೆಯಲು ಇರುವ ವಿನಾಯಿತಿಯಲ್ಲ. ಪರವಾನಗಿ ಪಡೆದ ವ್ಯಾಪಾರಿಯನ್ನು ಮೊದಲೇ ವಿಚಾರಿಸುವುದು ಕ್ಷೇಮ.

ಸ್ಪ್ರಿಂಗ್‌ನಿಂದ ಕೆಲಸ ಮಾಡುವ ಏರ್ ರೈಫಲ್‌ನದು ಬೇರೆಯೇ ಸ್ವಭಾವ. ಅದರೊಳಗಿನ ಭಾರವಾದ ಪಿಸ್ಟನ್ ಮುಂದಕ್ಕೆ ನುಗ್ಗುವಾಗ ಕೋವಿ ಹಿಂದಕ್ಕೆ ಜಗ್ಗುತ್ತದೆ, ಪಿಸ್ಟನ್ ಬಂದು ನಿಂತಾಗ ಮುಂದಕ್ಕೆ ಜಗ್ಗುತ್ತದೆ. ಈ ಎರಡನೆಯ ಜಗ್ಗನ್ನು ತಾಳುವಂತೆ ಸಾಮಾನ್ಯ ಸ್ಕೋಪ್‌ಗಳನ್ನು ರೂಪಿಸಿರುವುದಿಲ್ಲ. ದೊಡ್ಡ ರೈಫಲ್‌ನ ಹೊಡೆತ ತಡೆದ ದುಬಾರಿ ಸ್ಕೋಪ್ ಇಂತಹ ಏರ್ ರೈಫಲ್ ಮೇಲೆ ಒಳಗೊಳಗೇ ಸಡಿಲಗೊಳ್ಳುವುದು ವಿಚಿತ್ರವೆನಿಸಿದರೂ ನಿಜ. ಕೊಳ್ಳುವಾಗ ಸ್ಪ್ರಿಂಗ್ ಏರ್ ರೈಫಲ್‌ಗೆ ತಕ್ಕದ್ದೇ ಎಂದು ಕೇಳಿ ತಿಳಿಯಬೇಕು. ಬಳೆ ಹಿಂದಕ್ಕೆ ಜಾರದಂತೆ ತಡೆಮೊಳೆಯುಳ್ಳ ಜೋಡಣೆಯನ್ನೇ ಆರಿಸಬೇಕು.

ಹುಬ್ಬಿಗೂ ಗಾಜಿಗೂ ನಡುವಿನ ಅಂತರ

ಸ್ಕೋಪ್‌ನ ಹಿಂದಿನ ಗಾಜಿನಿಂದ ಕಣ್ಣು ಎಷ್ಟು ದೂರದಲ್ಲಿದ್ದರೆ ಪೂರ್ಣ ವೃತ್ತಾಕಾರದ ಚಿತ್ರ ಕಾಣುತ್ತದೋ ಆ ದೂರವನ್ನು ‘ಐ ರಿಲೀಫ್’ ಎನ್ನುತ್ತಾರೆ. ಸಾಮಾನ್ಯವಾಗಿ ಅದು ಮೂರರಿಂದ ನಾಲ್ಕು ಇಂಚು. ಅಂತರ ಕಡಿಮೆಯಾದರೆ ಗುಂಡು ಹಾರಿದ ಕ್ಷಣ ಸ್ಕೋಪ್‌ನ ಲೋಹದ ಅಂಚು ಬಂದು ಹುಬ್ಬಿಗೆ ಬಡಿಯುತ್ತದೆ. ಅರ್ಧಚಂದ್ರಾಕಾರದ ಆ ಗಾಯದ ಗುರುತು ಹೊತ್ತವರನ್ನು ಪ್ರಪಂಚದಾದ್ಯಂತ ರೈಫಲ್ ಕ್ಲಬ್‌ಗಳಲ್ಲಿ ಕಾಣಬಹುದು. .22ರಲ್ಲಿ ಹಿನ್ನೊದೆತ ಇಲ್ಲವೆಂಬಷ್ಟು ಕಡಿಮೆ. .315, .30-06ಗಳಲ್ಲಿ ಮಾತ್ರ ಅದು ಕಣ್ಣನ್ನೇ ಕಳೆಯುವಷ್ಟು ಬಲವಾಗಿರಬಲ್ಲುದು.

ಅಂತರವನ್ನು ನಿಗದಿಪಡಿಸುವ ವಿಧಾನ ಸರಳ. ಬಳೆಯ ಸ್ಕ್ರೂಗಳನ್ನು ಸ್ಕೋಪ್ ಹಿಂದೆಮುಂದೆ ಜಾರುವಷ್ಟು ಮಾತ್ರ ಬಿಗಿದು, ಪಟ್ಟನ್ನು ಅತಿ ಹೆಚ್ಚಿಗೆ ತಿರುಗಿಸಿಡಬೇಕು. ಕಣ್ಣು ಮುಚ್ಚಿ ಕೋವಿಯನ್ನು ಭುಜಕ್ಕೇರಿಸಿ, ಕೆನ್ನೆಯನ್ನು ಸಹಜವಾಗಿ ಮರಕ್ಕೆ ತಾಗಿಸಿ, ಆನಂತರ ಕಣ್ಣು ತೆರೆಯಬೇಕು. ವೃತ್ತದ ಅಂಚಿನಲ್ಲಿ ಕಪ್ಪು ನೆರಳು ಕಂಡರೆ ಸ್ಕೋಪ್ ಜರುಗಿಸಬೇಕೇ ಹೊರತು ಕತ್ತು ಚಾಚಬಾರದು. ಕತ್ತು ಚಾಚಿ ಹೊಂದಿಸಿಕೊಂಡವನಿಗೇ ಪೆಟ್ಟು ಬೀಳುವುದು. ನಿಂತು ನೋಡಿದ್ದನ್ನೇ ಮಲಗಿಯೂ ನೋಡಬೇಕು. ಮಲಗಿದಾಗ, ಮೇಲ್ಮುಖವಾಗಿ ಗುರಿಯಿಡುವಾಗ ತಲೆ ತಾನಾಗಿಯೇ ಮುಂದೆ ಸರಿದು ಅಂತರ ಕುಗ್ಗುತ್ತದೆ. ಗುಡ್ಡಗಾಡಿನಲ್ಲಿ ಇದನ್ನು ಮರೆಯುವಂತಿಲ್ಲ.

ಮುಂದಿನದು ಉದ್ದಗೆರೆ ನೆಟ್ಟಗಿರುವಂತೆ ನೋಡಿಕೊಳ್ಳುವುದು. ಕೋವಿಯನ್ನು ಭದ್ರವಾಗಿ ನಿಲ್ಲಿಸಿ, ಅದರ ಬೆನ್ನಿನ ಮೇಲೆ ಚಿಕ್ಕ ರಸಮಟ್ಟ ಇಟ್ಟು ಸಮತಟ್ಟು ಮಾಡಬೇಕು. ಇಪ್ಪತ್ತು ಗಜ ದೂರದಲ್ಲಿ ಗಾರೆ ಕೆಲಸದವರ ತೂಗುಗುಂಡನ್ನು ನೇತುಹಾಕಿ, ಸ್ಕೋಪ್‌ನೊಳಗಿನ ಉದ್ದಗೆರೆಯನ್ನು ಆ ದಾರಕ್ಕೆ ಹೊಂದಿಸಿದರೆ ಕೆಲಸ ಮುಗಿಯಿತು. ಗೆರೆ ವಾಲಿದ್ದರೆ ಹತ್ತಿರದ ಗುರಿಯಲ್ಲಿ ವ್ಯತ್ಯಾಸ ಕಾಣದು, ದೂರ ಹೆಚ್ಚಿದಂತೆ ಗುಂಡು ಪಕ್ಕಕ್ಕೆ ಸರಿಯುತ್ತಾ ಹೋಗುತ್ತದೆ.

ಸ್ಕ್ರೂಗಳನ್ನು ಒಂದೊಂದಾಗಿ ಪೂರ್ತಿ ಬಿಗಿಯದೆ, ಕಾರಿನ ಚಕ್ರದ ನಟ್ಟುಗಳಂತೆ ಎದುರುಬದುರಾಗಿ ಸ್ವಲ್ಪಸ್ವಲ್ಪ ಬಿಗಿಯಬೇಕು. ಬಳೆಯ ಸ್ಕ್ರೂಗಳಿಗೆ ಸುಮಾರು 2 ನ್ಯೂಟನ್-ಮೀಟರ್ ಬಿಗಿ ಸಾಮಾನ್ಯ, ತಯಾರಕರು ಬೇರೆ ಅಂಕಿ ನೀಡಿದ್ದರೆ ಅದೇ ಅಂತಿಮ. ತೋಳಿನ ಬಲವೆಲ್ಲ ಹಾಕಿ ಬಿಗಿದರೆ ಅಲ್ಯೂಮಿನಿಯಂ ಕೊಳವೆ ನಜ್ಜಾಗಿ ಒಳಗಿನ ಭಾಗ ಸಿಕ್ಕಿಹಾಕಿಕೊಳ್ಳುತ್ತದೆ.

ಕೊನೆಗೆ, ಕಣ್ಣಿನ ಕಡೆಯ ಉಂಗುರ ತಿರುಗಿಸಿ ಗೆರೆಗಳನ್ನು ಸ್ಪಷ್ಟಗೊಳಿಸಿಕೊಳ್ಳಬೇಕು. ಬಿಳಿ ಗೋಡೆಯತ್ತ ಒಂದೆರಡು ಸೆಕೆಂಡು ನೋಡಿ, ಕಣ್ಣು ತೆಗೆದು, ತಿರುಗಿಸಿ, ಮತ್ತೆ ನೋಡಬೇಕು. ದಿಟ್ಟಿಸುತ್ತಲೇ ತಿರುಗಿಸಿದರೆ ಕಣ್ಣೇ ಹೊಂದಿಕೊಂಡು ಮೋಸ ಮಾಡುತ್ತದೆ. ಸೂರ್ಯನತ್ತ ಮಾತ್ರ ಯಾವ ಕಾರಣಕ್ಕೂ ಸ್ಕೋಪ್ ತಿರುಗಿಸಬಾರದು. ಕಣ್ಣಿನ ಒಳಪರದೆ ಸುಟ್ಟುಹೋದರೆ ಮರಳಿ ಬಾರದು.

ಗುರಿ ಕೂಡಿಸುವ ಲೆಕ್ಕ

ಜೋಡಿಸಿದ ಮಾತ್ರಕ್ಕೆ ಗೆರೆ ತೋರಿಸಿದಲ್ಲಿಗೆ ಗುಂಡು ಹೋಗುವುದಿಲ್ಲ. ಎರಡನ್ನೂ ಕೂಡಿಸುವ ಕೆಲಸಕ್ಕೆ ‘ಜೀರೋ ಮಾಡುವುದು’ ಎನ್ನುತ್ತಾರೆ. ಬೋಲ್ಟ್ ಹೊರತೆಗೆಯಬಹುದಾದ ರೈಫಲ್ ಆದರೆ ಅದನ್ನು ಆಧಾರದ ಮೇಲೆ ಅಲುಗದಂತಿಟ್ಟು, ಹಿಂಬದಿಯಿಂದ ನಳಿಕೆಯೊಳಗೆ ನೋಡಿ 25 ಗಜ ದೂರದ ಕಪ್ಪು ಬೊಟ್ಟನ್ನು ನಳಿಕೆಯ ನಡುವಿಗೆ ತಂದುಕೊಳ್ಳಬೇಕು. ಕೋವಿ ಅಲುಗದಂತೆ, ಸ್ಕೋಪ್‌ನ ಗೆರೆಗಳನ್ನೂ ಅದೇ ಬೊಟ್ಟಿಗೆ ತಿರುಗಿಸಿದರೆ ಮೊದಲ ಗುಂಡು ಕಾಗದದ ಮೇಲೆ ಬೀಳುವ ಭರವಸೆ ಇರುತ್ತದೆ. ಇದೇ ಕೆಲಸಕ್ಕೆ ನಳಿಕೆಯ ತುದಿಗೆ ಸಿಕ್ಕಿಸುವ ಲೇಸರ್ ಸಾಧನಗಳೂ ದೊರೆಯುತ್ತವೆ. ಅವುಗಳನ್ನು ತೆಗೆಯಲು ಮರೆತು ಗುಂಡು ಹಾರಿಸಿದರೆ ನಳಿಕೆ ಸಿಡಿಯುತ್ತದೆ. ಸಾಧನವನ್ನು ಕಳಚಿ ಡಬ್ಬಿಗೆ ಹಾಕುವವರೆಗೆ ಕಾಡತೂಸಿನ ಪೆಟ್ಟಿಗೆ ತೆರೆಯಬಾರದು ಎಂಬ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು.

ಒಂದು ಗುಂಡು ನೋಡಿ ಗುಬುಟು ತಿರುಗಿಸುವುದು ಆತುರದ ಲಕ್ಷಣ. ಮೂರು ಗುಂಡು ಹೊಡೆದು, ಆ ಮೂರರ ನಡುವಿನ ಬಿಂದುವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸ್ಕೋಪ್‌ನ ಮೇಲಿನ ಗುಬುಟು ಮೇಲೆ-ಕೆಳಗೆ, ಬದಿಯದು ಎಡ-ಬಲ. ಅವುಗಳ ಮೇಲಿನ ಬಾಣದ ಗುರುತು ಗುಂಡು ಬೀಳುವ ಜಾಗ ಯಾವ ಕಡೆಗೆ ಸರಿಯುತ್ತದೆ ಎಂಬುದನ್ನು ಹೇಳುತ್ತದೆ. ಗುಂಡು ಕೆಳಗೆ ಬಿದ್ದಿದ್ದರೆ ‘ಅಪ್’ ಕಡೆಗೆ ತಿರುಗಿಸಬೇಕು.

ಎಷ್ಟು ತಿರುಗಿಸಬೇಕು? ಹೆಚ್ಚಿನ ಸ್ಕೋಪ್‌ಗಳಲ್ಲಿ ಒಂದು ಕ್ಲಿಕ್ ಎಂದರೆ ಕಾಲು ಎಂ.ಒ.ಎ. ಒಂದು ಎಂ.ಒ.ಎ. ಎಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ, ನೂರು ಗಜದಲ್ಲಿ ಅದು ಹೆಚ್ಚುಕಡಿಮೆ ಒಂದು ಇಂಚು. ಅಂದರೆ ನೂರು ಗಜದಲ್ಲಿ ಒಂದು ಕ್ಲಿಕ್‌ಗೆ ಕಾಲು ಇಂಚು, 25 ಗಜದಲ್ಲಿ ಅದರ ನಾಲ್ಕನೇ ಒಂದು ಭಾಗ, ಹದಿನಾರನೇ ಒಂದು ಇಂಚು. 25 ಗಜದಲ್ಲಿ ಗುಂಡುಗಳು ಎರಡು ಇಂಚು ಕೆಳಗೆ ಬಿದ್ದರೆ 32 ಕ್ಲಿಕ್ ಬೇಕು. ಎಂಟು ಕ್ಲಿಕ್ ಸಾಕೆಂದು ತಿರುಗಿಸಿ, ಸ್ಕೋಪ್ ಕೆಟ್ಟಿದೆ ಎಂದು ಅಂಗಡಿಗೆ ಮರಳಿಸಲು ಹೊರಡುವವರು ಮರೆಯುವುದು ಈ ನಾಲ್ಕರ ಗುಣಾಕಾರವನ್ನೇ. ಮಿಲ್ ಲೆಕ್ಕದ ಸ್ಕೋಪ್ ಆದರೆ ಒಂದು ಕ್ಲಿಕ್‌ಗೆ ನೂರು ಮೀಟರ್‌ನಲ್ಲಿ ಒಂದು ಸೆಂಟಿಮೀಟರ್, ಮೀಟರ್ ಅಳತೆಗೆ ಒಗ್ಗಿದವರಿಗೆ ಇದೇ ಸುಲಭ.

25 ಗಜದಲ್ಲಿ ಸರಿಯಾದದ್ದು ಎಲ್ಲ ದೂರಕ್ಕೂ ಸರಿ ಎಂದಲ್ಲ. ಸ್ಕೋಪ್ ನಳಿಕೆಗಿಂತ ಒಂದೂವರೆ-ಎರಡು ಇಂಚು ಮೇಲಿರುವುದರಿಂದ ನೋಟದ ಗೆರೆ ನೇರವಾಗಿಯೂ ಗುಂಡಿನ ದಾರಿ ಬಾಗಿಯೂ ಇರುತ್ತವೆ. 25 ಗಜಕ್ಕೆ ಕೂಡಿಸಿದ .30-06 ರೈಫಲ್ ನೂರು ಗಜದಲ್ಲಿ ಎರಡು-ಮೂರು ಇಂಚು ಮೇಲೆ ಹೊಡೆದರೆ, ಅದೇ ರೀತಿ ಕೂಡಿಸಿದ .22 ರೈಫಲ್‌ನ ಗುಂಡು ನೂರು ಗಜದಲ್ಲಿ ಸುಮಾರು ಅರ್ಧ ಅಡಿ ಕೆಳಗೆ ಬೀಳುತ್ತದೆ. ಯಾವ ದೂರದಲ್ಲಿ ಬಳಸುವುದೋ ಅಲ್ಲೇ ಪರೀಕ್ಷಿಸಿ ಮುಗಿಸಬೇಕು. ಕಾಡತೂಸಿನ ಕಂಪೆನಿ ಬದಲಾದರೆ ಮತ್ತೆ ನೋಡಬೇಕು.

ಈ ಎರಡು ಇಂಚಿನ ಎತ್ತರಕ್ಕೆ ಇನ್ನೊಂದು ಕೆಟ್ಟ ಮುಖವಿದೆ. ಜೀಪಿನ ಬಾನೆಟ್, ಬೇಲಿಯ ಕಂಬ ಅಥವಾ ಬಂಡೆಯ ಮೇಲೆ ಕೋವಿ ಆನಿಸಿ ನೋಡಿದಾಗ ಸ್ಕೋಪ್‌ನಲ್ಲಿ ಎದುರಿನದೆಲ್ಲ ನಿಚ್ಚಳ. ಆದರೆ ಎರಡು ಇಂಚು ಕೆಳಗಿರುವ ನಳಿಕೆಯ ಬಾಯಿ ಬಂಡೆಯನ್ನೇ ನೋಡುತ್ತಿರಬಹುದು. ಗುಂಡು ಅಲ್ಲೇ ಬಡಿದು ಚೂರುಗಳು ಹೊಡೆದವನತ್ತಲೇ ಹಾರುತ್ತವೆ. ಟ್ರಿಗರ್‌ಗೆ ಬೆರಳಿಡುವ ಮುನ್ನ ಸ್ಕೋಪ್‌ನಿಂದ ಕಣ್ಣು ತೆಗೆದು ನಳಿಕೆಯ ಬಾಯಿಯನ್ನೊಮ್ಮೆ ನೋಡುವುದಕ್ಕೆ ಒಂದು ಸೆಕೆಂಡು ಸಾಕು.

ಹಿನ್ನೆಲೆಯಲ್ಲಿ ಏನಿದೆ?

ಕಾಗದದ ಗುರಿಯ ಹಿಂದೆ ಗುಂಡನ್ನು ನುಂಗುವ ಮಣ್ಣಿನ ದಿಬ್ಬ ಇರಲೇಬೇಕು. ಚಿಕ್ಕದೆಂದು ತಾತ್ಸಾರ ಮಾಡುವ .22ರ ಗುಂಡು ತಡೆ ಇಲ್ಲದಿದ್ದರೆ ಒಂದೂವರೆ ಕಿಲೋಮೀಟರಿಗೂ ಮೀರಿ ಹೋಗಬಲ್ಲದು. ಕಲ್ಲು, ಗಟ್ಟಿ ಮರ, ಕೆರೆಯ ನೀರು ಇವುಗಳ ಮೇಲೆ ಓರೆಯಾಗಿ ಬಿದ್ದರೆ ಚಿಮ್ಮಿ ದಿಕ್ಕು ಬದಲಿಸುತ್ತದೆ. ಹಬ್ಬದ ದಿನಗಳಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಕೊಡಗಿನ ಊರೂರುಗಳಲ್ಲಿ ಜನಪ್ರಿಯ. ಅಲ್ಲಿ ಕಾಯಿಯ ಹಿಂದಿರುವುದು ಆಕಾಶವಾದರೆ, ಗುರಿ ತಪ್ಪಿದ ರೈಫಲ್ ಗುಂಡು ಎಲ್ಲೋ ಒಂದು ಕಡೆ ಇಳಿಯಲೇಬೇಕು. ಕಾಯಿಯನ್ನು ಸೀಳಿದ ಗುಂಡೂ ಅಲ್ಲಿಗೇ ನಿಲ್ಲುವುದಿಲ್ಲ. ಗುರಿಯ ಹಿಂದೆ ಗುಡ್ಡದ ಮೈ ಬರುವಂತೆ ಮರವನ್ನು ಆರಿಸುವ ಸಂಘಟಕರು ಸ್ಪರ್ಧಾಳುವಿನ ಕೈಚಳಕಕ್ಕಿಂತ ಹೆಚ್ಚಿನ ಹೊಣೆ ಹೊತ್ತವರು.

ಕೋವಿಯ ಸ್ಕೋಪನ್ನು ದುರ್ಬೀನಿನಂತೆ ಬಳಸುವ ಅಭ್ಯಾಸವೂ ಅಷ್ಟೇ ಅಪಾಯಕಾರಿ. ತೋಟದ ಅಂಚಿನಲ್ಲಿ ಸೊಪ್ಪು ಅಲುಗಿದಾಗ ಕಾಡಾನೆಯೋ ಕೆಲಸಗಾರರೋ ಎಂದು ತಿಳಿಯಲು ಕೋವಿ ಎತ್ತಿ ಸ್ಕೋಪ್‌ನಲ್ಲಿ ನೋಡುವವನು, ಅಲ್ಲಿರುವುದು ಮನುಷ್ಯನೆಂದು ತಿಳಿಯುವ ಹೊತ್ತಿಗೆ ಆ ಮನುಷ್ಯನ ಎದೆಗೆ ಕೋವಿ ಗುರಿಯಿಟ್ಟಾಗಿರುತ್ತದೆ. ನೋಡಲು ಬೇಕಾದದ್ದು ಕುತ್ತಿಗೆಗೆ ತೂಗುಹಾಕುವ ಸಾದಾ ದುರ್ಬೀನು. ಅದರ ಬೆಲೆ ಸ್ಕೋಪ್‌ನ ಬೆಲೆಗಿಂತ ಹೆಚ್ಚೇನಲ್ಲ.

ಕಾನೂನಿನ ವಿಷಯ ಸಂಕ್ಷಿಪ್ತವಾಗಿ: ವನ್ಯಜೀವಿ ಬೇಟೆಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸುತ್ತದೆ, ಸ್ಕೋಪ್ ಇದ್ದರೂ ಇಲ್ಲದಿದ್ದರೂ. ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಇತರರ ಪ್ರಾಣಕ್ಕೆ ಅಪಾಯವಾಗುವಂತೆ ಅಜಾಗರೂಕತೆಯಿಂದ ಅಥವಾ ಸಂಭ್ರಮಾಚರಣೆಗಾಗಿ ಗುಂಡು ಹಾರಿಸಿದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಏರ್ ರೈಫಲ್‌ಗಳ ಪೈಕಿ 4.5 ಮಿ.ಮೀ. ನಳಿಕೆ ಹಾಗೂ 20 ಜೌಲ್ ಶಕ್ತಿಯ ಮಿತಿ ಮೀರಿದವುಗಳಿಗೆ 2016ರ ಶಸ್ತ್ರಾಸ್ತ್ರ ನಿಯಮಗಳಡಿ ಪರವಾನಗಿ ಬೇಕು. ಮಿತಿಯೊಳಗಿನದು ಆಟಿಕೆ ಎಂದು ಇದರ ಅರ್ಥವಲ್ಲ, ಅದರ ಸೀಸದ ಗುಂಡಿಗೂ ಕಣ್ಣು ತೆಗೆಯುವ ಶಕ್ತಿಯಿದೆ.

ಮಳೆಗಾಲದ ಆರೈಕೆ

ಉತ್ತಮ ಸ್ಕೋಪ್‌ಗಳೊಳಗೆ ತೇವವಿಲ್ಲದ ನೈಟ್ರೋಜನ್ ಅನಿಲ ತುಂಬಿ ಮುದ್ರೆ ಹಾಕಿರುತ್ತಾರೆ. ಒಳಗಿನ ಧೂಳು ಒರೆಸುತ್ತೇನೆಂದು ಬಿಚ್ಚಿದರೆ ಅನಿಲ ಹೋಗಿ ತೇವ ಒಳಸೇರುತ್ತದೆ, ಮುಂದಿನ ಜೂನ್‌ನಲ್ಲಿ ಗಾಜಿನ ಮೇಲೆ ಬೂಷ್ಟು ಬಲೆ ನೇಯುತ್ತದೆ. ಹೊರಗಿನ ಗಾಜನ್ನು ಮೊದಲು ಮೃದು ಕುಂಚದಿಂದ ಗುಡಿಸಿ, ನಂತರವೇ ಮಸೂರದ ಬಟ್ಟೆಯಿಂದ ಒರೆಸಬೇಕು. ಪಂಚೆಯ ತುದಿಯಿಂದ ಉಜ್ಜಿದರೆ ಮರಳಿನ ಕಣಗಳು ಲೇಪನವನ್ನು ಗೀರುತ್ತವೆ. ಚರ್ಮದ ಚೀಲ ತೇವ ಹೀರುವುದರಿಂದ ಆಷಾಢದಲ್ಲಿ ಅದರೊಳಗೆ ಇಡುವುದು ಬೇಡ. ಸಿಲಿಕಾ ಜೆಲ್ ಪೊಟ್ಟಣ ಇಟ್ಟ, ಬೀಗವಿರುವ ಕಪಾಟಿನಲ್ಲಿ ಕೋವಿಯನ್ನೂ, ಬೇರೆ ಬೀಗದಡಿ ಕಾಡತೂಸುಗಳನ್ನೂ ಇಡಬೇಕು.

ಮಳೆಗಾಲದಲ್ಲಿ ಕೋವಿಯ ಮರ ತೇವ ಹೀರಿ ಉಬ್ಬಿ, ಬಿಸಿಲು ಬಂದಾಗ ಕುಗ್ಗುವುದರಿಂದ ಜೂನ್‌ನಲ್ಲಿ ಕೂಡಿಸಿದ ಗುರಿ ಸೆಪ್ಟೆಂಬರ್‌ನಲ್ಲಿ ಹಾಗೆಯೇ ಇರುವ ಖಾತ್ರಿ ಇಲ್ಲ. ಬಳೆಯ ಅಂಚಿನಲ್ಲಿ ಕೊಳವೆಯ ಮೇಲೆ ಪೆನ್ಸಿಲ್‌ನಿಂದ ಸಣ್ಣ ಗೆರೆ ಎಳೆದಿಟ್ಟಿದ್ದರೆ ಸ್ಕೋಪ್ ಜಾರಿದೆಯೇ ಎಂಬುದು ನೋಡಿದೊಡನೆ ತಿಳಿಯುತ್ತದೆ. ಕೋವಿ ಕೆಳಗೆ ಬಿದ್ದಿದ್ದರೆ, ಜೀಪಿನಲ್ಲಿ ಕುಲುಕಾಡಿ ಬಂದಿದ್ದರೆ ಅಥವಾ ಸ್ಕ್ರೂ ಒಂದು ಸಡಿಲವಾಗಿ ಕಂಡರೆ, ಹಬ್ಬದ ಮುನ್ನ 25 ಗಜದಲ್ಲಿ ಮೂರು ಗುಂಡಿನ ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕಾಗುತ್ತದೆ.